ಉತ್ತರಕ್ಕಿರುವ 24×12 ಅಡಿ ಹಿತ್ತಲು, ಅಸೋಸಿಯೇಷನ್ ನಿಯಮಗಳ ನಡುವೆ ಏನು ನೆಡಬಹುದು?

ನಿಮ್ಮ ಪ್ರಶ್ನೆಯಲ್ಲಿರುವ ಲೆಕ್ಕ ಇಷ್ಟು: ಬೆಂಗಳೂರಿನ ವಿಲ್ಲಾ ಲೇಔಟ್, ಎರಡಂತಸ್ತಿನ ಮನೆ, ಅದರ ಉತ್ತರಕ್ಕೆ 24 ಅಡಿ ಅಗಲ, 12 ಅಡಿ ಆಳದ ಹಿತ್ತಲು, ಮೂರು ಕಡೆ 5 ಅಡಿಯ ಬ್ಲಾಕ್ ಕಾಂಪೌಂಡು. 10 ಅಡಿ ದಾಟುವ ಗಿಡ ಬೇಡ, ತೆಂಗು, ಬಿದಿರು, ನುಗ್ಗೆ, ಫೈಕಸ್ (ಆಲ, ಅತ್ತಿ ಜಾತಿಯವು) ಬೇಡ, ಪಕ್ಕದವರ ಜೊತೆಗಿನ ಗೋಡೆಗೆ ಬಳ್ಳಿ ಹಬ್ಬಿಸಬಾರದು ಎಂದು ಅಸೋಸಿಯೇಷನ್ ಹೇಳಿದೆ. ನಿಮಗೆ ಪೂಜೆಗೆ ಹೂವು, ಕರಿಬೇವು, ಸ್ವಲ್ಪ ನೆರಳು, ಮಕ್ಕಳಿಗೆ ಓಡಾಡಲು ಜಾಗ, ಒಂದಿಷ್ಟು ಹುಲ್ಲುಹಾಸು ಬೇಕು. ಹುಲ್ಲುಹಾಸು ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆಗುತ್ತದೆ. ಹುಲ್ಲಿಗೆ ಅಡ್ಡ ಬರುವುದು ನಿಯಮವಲ್ಲ, ಬಿಸಿಲು.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿಯಷ್ಟೇ ಮೇಲಿರುತ್ತಾನೆ. ಪ್ಯಾರಪೆಟ್ ಸೇರಿ ಮನೆ 22 ಅಡಿ ಇದ್ದರೆ ನೆರಳು 16 ಅಡಿ ಬೀಳುತ್ತದೆ. ಅಂದರೆ ನಿಮ್ಮ 12 ಅಡಿ ಹಿತ್ತಲು ಪೂರ್ತಿ ನೆರಳಿನಲ್ಲಿ. ಹಿಂದಿನ ಗೋಡೆಯ ಪಾತಿಗೂ ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಮಧ್ಯಾಹ್ನದ ಬಿಸಿಲಿಲ್ಲ. ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದಲೂ ಉತ್ತರಕ್ಕೆ ಸರಿಯುವುದರಿಂದ ಇಡೀ ಜಾಗ ಕಾಯುತ್ತದೆ. ಮೆಕ್ಸಿಕನ್ ಹುಲ್ಲು ಹಾಸಿದರೆ ಮೊದಲ ಚಳಿಗಾಲದಲ್ಲೇ ತೆಳುವಾಗಿ, ಮನೆ ಕಡೆಯ ಅರ್ಧ ಪಾಚಿಗಟ್ಟುತ್ತದೆ. ಆ ದುಡ್ಡನ್ನು ಮಣ್ಣಿಗೆ ಹಾಕಿ.

ಮಣ್ಣಿನ ವಿಷಯವನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಲ್ಡರ್ ಬಿಟ್ಟುಹೋದ ಹಿತ್ತಲಲ್ಲಿ ಮೇಲೆ 4 ಇಂಚು ಕೆಂಪು ಮಣ್ಣು, ಕೆಳಗೆ ಬ್ಲಾಕ್ ಚೂರು, ಒಣಗಿದ ಸಿಮೆಂಟ್ ಗಾರೆ, ಟೈಲ್ಸ್ ತುಂಡು ಇರುವುದೇ ಹೆಚ್ಚು. ಗಾರೆಯ ಸುಣ್ಣ ಮಣ್ಣನ್ನು ಕ್ಷಾರಗೊಳಿಸುತ್ತದೆ, ಆಗ ಕಬ್ಬಿಣದ ಅಂಶ ಮಣ್ಣಲ್ಲಿದ್ದರೂ ಬೇರಿಗೆ ದಕ್ಕುವುದಿಲ್ಲ. ಗುರುತು ಹಿಡಿಯುವುದು ಸುಲಭ: ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರು ಗೆರೆ ಎಳೆದ ಹಾಗೆ ಉಳಿಯುತ್ತವೆ. ಗೊಬ್ಬರ ಸಾಲದು ಅಂತ ಯೂರಿಯಾ ಸುರಿದರೆ ಪ್ರಯೋಜನವಿಲ್ಲ. ಸಿಮೆಂಟ್ ತೆಗೆಯುವುದೇ ಮದ್ದು.

ಅಗೆಯುವ ಮೊದಲು ಮನೆಯ ಪ್ಲಂಬಿಂಗ್ ನಕ್ಷೆ ಕೇಳಿ ಪಡೆಯಿರಿ. ಸಂಪು ಅಥವಾ ಚೇಂಬರ್ ಹಿತ್ತಲಲ್ಲೇ ಇದ್ದರೆ ಮುಚ್ಚಳದ ಸುತ್ತ 2 ಅಡಿ ಖಾಲಿ ಬಿಡಿ. ಆಮೇಲೆ 1 ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಮತ್ತೆ ತುಂಬಿ ಗಡಿಯಾರ ನೋಡಿ. ಎರಡನೇ ಸಲ ಗಂಟೆಗೆ 1 ಇಂಚಾದರೂ ಇಳಿಯಬೇಕು. ಇಳಿಯದಿದ್ದರೆ ಗಟ್ಟಿ ಪದರ ಸಿಗುವವರೆಗೆ ಅಗೆದು ಅದನ್ನು ಹಾರೆಯಿಂದ ಒಡೆಯಬೇಕು.

12 ಅಡಿ ಆಳವನ್ನು ಹೀಗೆ ಹಂಚಿ: ಮನೆ ಗೋಡೆಗೆ ತಾಗಿ ಒಂದೂವರೆ ಅಡಿ ಬರೀ ಜಲ್ಲಿ, ಆಮೇಲೆ 7 ಅಡಿ ಕಲ್ಲುಹಾಸು, ಎರಡೂವರೆ ಅಡಿ ಪಾತಿ, ಕೊನೆಗೆ ಕಾಂಪೌಂಡಿಗೆ ತಾಗಿ 1 ಅಡಿ 40 ಎಂಎಂ ಜಲ್ಲಿ. ಮನೆ ಕಡೆ ಮಣ್ಣು ತಾಗಿಸಿದರೆ ಗೋಡೆಗೆ ತೇವ ಏರುತ್ತದೆ, ಗೆದ್ದಲು ಬಂದರೂ ಕಣ್ಣಿಗೆ ಬೀಳುವುದಿಲ್ಲ. ಕಾಂಪೌಂಡ್ ಕಡೆಯ ಜಲ್ಲಿ ಇನ್ನೂ ಮುಖ್ಯ. ಇಂಥ ಗೋಡೆಗಳ ಪಾಯ ಹೆಚ್ಚಾಗಿ ಸೈಜ್ ಕಲ್ಲಿನದು, ಸಂದಿಯಲ್ಲಿ ಬೇರು ನುಗ್ಗುತ್ತದೆ. ಪಾತಿ ಎತ್ತರವಾಗಲಿ ಎಂದು ಗೋಡೆಗೆ ಒರಗಿಸಿ ಮಣ್ಣು ಏರಿಸಲೇಬೇಡಿ. ಬ್ಲಾಕ್ ಗೋಡೆ ಕಟ್ಟಿರುವುದು ಮರೆಗೆ, ಮಣ್ಣಿನ ಒತ್ತಡ ತಡೆಯಲಿಕ್ಕಲ್ಲ. ಮಳೆಯಲ್ಲಿ ನೆಂದ ಮಣ್ಣು ತೂಕ ಹಾಕಿದಾಗ ಗೋಡೆ ಪಕ್ಕದ ಮನೆ ಕಡೆ ವಾಲುತ್ತದೆ.

ಪಾತಿಯನ್ನು ಒಂದೂವರೆ ಅಡಿ ಆಳ ಅಗೆದರೆ 90 ಘನ ಅಡಿ ತುಂಬಬೇಕಾಗುತ್ತದೆ: 55 ಕೆಂಪು ಮಣ್ಣು, 25 ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 10 ದಪ್ಪ ಮರಳು. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬೇಡ, ಅದರ ನುಣ್ಣನೆ ಪುಡಿ ಮಣ್ಣನ್ನು ಬಿಗಿ ಮಾಡುತ್ತದೆ. ಹಸಿ ಸಗಣಿಯೂ ಬೇಡ, ಗೊಣ್ಣೆಹುಳು ಬರುತ್ತದೆ. ತುಂಬಿದ ಮಣ್ಣು ಎರಡು ಮಳೆಗೆ ಕುಸಿಯುವುದರಿಂದ ಒಂದೆರಡು ಇಂಚು ಉಬ್ಬಿಸಿಡಿ.

ಈಗ ಗಿಡಗಳು. ವಾಯವ್ಯ ಮೂಲೆಯಲ್ಲಿ ಪಾತಿಯನ್ನು 5×5 ಅಡಿಗೆ ಹಿಗ್ಗಿಸಿ (ಹಿಗ್ಗಿದ ಜಾಗದ ಮಣ್ಣು ಮೇಲಿನ 90 ಘನ ಅಡಿಯಲ್ಲಿ ಸೇರಿಲ್ಲ), ಗೋಡೆಗಳಿಂದ ಆದಷ್ಟು ದೂರದಲ್ಲಿ ಒಂದು ಪಾರಿಜಾತ. ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ಪಶ್ಚಿಮಕ್ಕಿಂತ ಉತ್ತರಕ್ಕೆ, ಹಾಗಾಗಿ ಸಂಜೆಯ ಸುಡುಬಿಸಿಲನ್ನು ತಡೆಯುವ ಮೂಲೆ ಅದೇ. ಬಿಟ್ಟರೆ ಪಾರಿಜಾತ 10 ಅಡಿ ದಾಟುತ್ತದೆ. ಪ್ರತಿ ವರ್ಷ ಮಾರ್ಚ್ ಶುರುವಿನಲ್ಲಿ 5–6 ಅಡಿಗೆ ಕತ್ತರಿಸಿ. ಹೊಸ ಚಿಗುರಲ್ಲೇ ಹೂ ಬರುವುದರಿಂದ ನಷ್ಟವಿಲ್ಲ. ಅದರ ಪಕ್ಕ 4 ಅಡಿಗೊಂದರಂತೆ ಎರಡು ನಂದಿಬಟ್ಟಲು, ಒಂದು ದಾಸವಾಳ. ನಂದಿಬಟ್ಟಲು ಅರೆನೆರಳಲ್ಲೂ ಹೂ ಬಿಡುತ್ತದೆ, ದಾಸವಾಳ ಚಳಿಗಾಲದಲ್ಲಿ ಕಡಿಮೆ ಬಿಡುತ್ತದೆ. ದಾಸವಾಳದ ಕುಡಿಯಲ್ಲಿ ಇರುವೆ ಸಾಲು ಕಂಡರೆ ಎಲೆ ತಿರುಗಿಸಿ ನೋಡಿ, ಹೆಚ್ಚಾಗಿ ಹತ್ತಿಯಂಥ ಹಿಟ್ಟು ತಿಗಣೆ ಇರುತ್ತದೆ. ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಸೇರಿಸಿ ಸಂಜೆ ಹೊತ್ತು ವಾರಕ್ಕೊಮ್ಮೆ, ಮೂರು ವಾರ ಹೊಡೆಯಿರಿ. ಪ್ರತಿ ಗುಂಡಿಗೂ ನೆಡುವಾಗ 200 ಗ್ರಾಂ ಬೇವಿನ ಹಿಂಡಿ ಹಾಕಿ. ಕಣಗಿಲೆ ಚೆಂದ ಎಂದು ನರ್ಸರಿಯವರು ಕೊಟ್ಟರೂ ತರಬೇಡಿ, ಅದು ಪೂರ್ತಿ ವಿಷ, ಮನೆಯಲ್ಲಿ ಮಕ್ಕಳಿದ್ದಾರೆ.

ಪೂರ್ವದ ಕೊನೆಯ 7 ಅಡಿಗೆ ಎರಡು ಮಲ್ಲಿಗೆ. ಗೋಡೆಗೆ ಹಬ್ಬಿಸುವಂತಿಲ್ಲವಲ್ಲ, ಗೋಡೆಯಿಂದ ಒಂದೂವರೆ ಅಡಿ ಈಚೆಗೆ ಸತು ಲೇಪಿಸಿದ ಎರಡು ಕಬ್ಬಿಣದ (ಜಿಐ) ಪೈಪ್ ನೆಟ್ಟು (ನೆಲದೊಳಗೆ ಒಂದೂವರೆ ಅಡಿ ಕಾಂಕ್ರೀಟಲ್ಲಿ, ಮೇಲೆ 5 ಅಡಿ) ನಡುವೆ ವೆಲ್ಡ್ ಮೆಶ್ ಕಟ್ಟಿ. ನವೆಂಬರ್ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ. ಬಿಸಿಲಿಲ್ಲದ ತಿಂಗಳುಗಳು ಅದಕ್ಕೆ ಹೇಗೂ ವಿಶ್ರಾಂತಿಯ ಕಾಲ. ಬಿಸಿಲು ಮರಳುವ ಹೊತ್ತಿಗೆ ಚಿಗುರು ಬಂದು, ಮಾರ್ಚ್‌ನಿಂದ ಮೊಗ್ಗು ಶುರು. ಉತ್ತರದ ಹಿತ್ತಲಿಗೆ ಇಷ್ಟು ಚೆನ್ನಾಗಿ ಹೊಂದುವ ಗಿಡ ಬೇರೆ ಸಿಗುವುದು ಕಷ್ಟ.

ಕರಿಬೇವನ್ನು ನೆಲಕ್ಕೆ ಇಡಬೇಡಿ. ಬೇರಿಗೆ ಗುದ್ದಲಿ ತಾಗಿದ ಕಡೆಯೆಲ್ಲ ಮರಿ ಏಳುತ್ತದೆ, ನಾಳೆ ಪಕ್ಕದ ಮನೆಯವರ ಪಾತಿಯಲ್ಲೂ. 60 ಲೀಟರ್ ಡ್ರಮ್ಮಿಗೆ ತೂತು ಕೊರೆದು, ಎರಡು ಇಟ್ಟಿಗೆಯ ಮೇಲೆ ಕೂರಿಸಿ. ನೆಲದ ಮೇಲೇ ಇಟ್ಟರೆ ಬೇರು ತೂತಿನಿಂದ ಇಳಿದುಬಿಡುತ್ತದೆ. ಹೂ ಗೊಂಚಲು ಬಂದಾಗ ಚಿವುಟಿ, ಎಲೆಯೂ ಹೆಚ್ಚು ಬರುತ್ತದೆ, ಹಕ್ಕಿಗಳು ಬೀಜ ಹರಡುವುದೂ ತಪ್ಪುತ್ತದೆ.

ಕಲ್ಲುಹಾಸಿಗೆ 2×2 ಅಡಿಯ, 2 ಇಂಚು ದಪ್ಪದ ಸಾದರಹಳ್ಳಿ ಗ್ರಾನೈಟ್ ಕಲ್ಲು, 3 ಸಾಲು, ಸಾಲಿಗೆ 11, ಒಟ್ಟು 33, ಅದರಲ್ಲಿ ಪಾರಿಜಾತದ ಮೂಲೆಗೆ ಬಿಟ್ಟ ಜಾಗದವನ್ನು ಕಳೆಯಿರಿ. ಒಂದೊಂದೂ ಸುಮಾರು 50 ಕೆಜಿ ತೂಗುತ್ತದೆ, ಇಬ್ಬರು ಬೇಕು. ಪಾಲಿಶ್ ಮಾಡಿದ್ದು ಮಳೆಯಲ್ಲಿ ಜಾರುತ್ತದೆ, ಒರಟು ಮುಖದ್ದೇ ಇರಲಿ. ಕೆಳಗೆ 3 ಇಂಚು ಜಲ್ಲಿ ದಮ್ಮಾಸು ಮಾಡಿ, ಮೇಲೆ 1 ಇಂಚು ಕಲ್ಲುಪುಡಿ. ಪಾತಿಯ ಕಡೆಗೆ 1 ಇಂಚು ಇಳಿಜಾರು, ಕಲ್ಲುಗಳ ನಡುವೆ 2 ಇಂಚು ಸಂದಿ. ಸಂದಿಗೆ ಮಣ್ಣು ತುಂಬಿ ಒಂದೆಲಗ ಹಚ್ಚಿ, ಅರೆನೆರಳು ಅದಕ್ಕೆ ಇಷ್ಟ, ನಿಮ್ಮ ಹಸಿರಿನ ಆಸೆಯೂ ತೀರುತ್ತದೆ.

ನೀರು: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಡುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹೇಳಿತ್ತು. ಲೇಔಟಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೀರು ಬಳಸಿ. ಗಿಡಕ್ಕೆ ಎರಡರಂತೆ 7 ಗಿಡಕ್ಕೆ 14 ಡ್ರಿಪ್ಪರ್, ಗಂಟೆಗೆ 4 ಲೀಟರಿನವು. ಅರ್ಧ ಗಂಟೆಗೆ 28 ಲೀಟರ್ ಸಾಕು. ಆ ನೀರಲ್ಲಿ ಕಸ ಇರುವುದರಿಂದ ಫಿಲ್ಟರ್ ಇಲ್ಲದೆ ಡ್ರಿಪ್ ಹಾಕಬೇಡಿ, ವಾರಕ್ಕೊಮ್ಮೆ ತೊಳೆಯಿರಿ. ಎಸ್‌ಟಿಪಿ ನೀರು ಕುಡಿದ ಒಂದೆಲಗ ತಂಬುಳಿಗೆ ಬೇಡ. ತಿನ್ನಲಿಕ್ಕೆ ಬೇಕೆಂದರೆ ಬೇರೆ ಕುಂಡದಲ್ಲಿ ಅಕ್ಕಿ ತೊಳೆದ ನೀರಲ್ಲಿ ಬೆಳೆಸಿ.

ಕಮಿಟಿಗೆ ಎ4 ಹಾಳೆಯಲ್ಲಿ ಅಳತೆ ಸಮೇತ ನಕ್ಷೆ ಕೊಡಿ. ಪ್ರತಿ ಗಿಡದ ಮುಂದೆ ಗೋಡೆಯಿಂದ ಎಷ್ಟು ದೂರ, ಎಷ್ಟು ಎತ್ತರಕ್ಕೆ ಸವರುತ್ತೀರಿ, ಯಾವ ತಿಂಗಳಲ್ಲಿ ಎಂದು ಬರೆಯಿರಿ. ತಕರಾರು ಬರುವುದಾದರೆ ಪಾರಿಜಾತಕ್ಕೆ. ಒಪ್ಪದಿದ್ದರೆ ಅಲ್ಲಿ ಮೂರನೇ ನಂದಿಬಟ್ಟಲು ಇಡಿ. ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಮೇಲ್‌ನಲ್ಲಿ ಬರಲಿ, ಕಮಿಟಿ ವರ್ಷ ವರ್ಷ ಬದಲಾಗುತ್ತದೆ. 'ಸದ್ಯಕ್ಕೆ ಸಂಪಿಗೆ ನೆಡೋಣ, ದೊಡ್ಡದಾದರೆ ಕಡಿಯೋಣ' ಎನ್ನುವ ಯೋಚನೆ ಇದ್ದರೆ ಬಿಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟು ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು.

ಏಪ್ರಿಲ್‌ನಲ್ಲಿ ಅಗೆತ, ಮೇ ಮಳೆಗೆ ಮಣ್ಣು ಕೂರಲು ಬಿಟ್ಟು, ಜೂನ್ ಮೊದಲ ವಾರ ನೆಡಿ. ಕಲ್ಲನ್ನು ಗಿಡಕ್ಕಿಂತ ಮೊದಲೇ ಹಾಸಿ ಮುಗಿಸಿ, ಆಮೇಲೆ ಹೊರಟರೆ ಹೊಸ ಪಾತಿಯನ್ನೇ ತುಳಿದುಕೊಂಡು ಹೊರಬೇಕಾಗುತ್ತದೆ.