ಕುಪ್ಪುಸ್ವಾಮಿ ಯಾವ ಡಾಕ್ಟರು?

ಧಾರವಾಡದಿಂದ ಮನಶ್ಶಾಸ್ತ್ರದ ಎಂ.ಎ. ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: "ನನ್ನ ತಂಗಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಳೆ. ಮನೆಮನೆ ಸರ್ವೆಗೆ ಹೋಗುವಾಗ ಕುಟುಂಬದ ಸಾಮಾಜಿಕ-ಆರ್ಥಿಕ ಮಟ್ಟ ಅಳೆಯೋಕೆ ಕುಪ್ಪುಸ್ವಾಮಿ ಸ್ಕೇಲ್ ಬಳಸುತ್ತಾಳೆ. ಕುಪ್ಪುಸ್ವಾಮಿ ಯಾರೋ ಹಳೆಯ ಡಾಕ್ಟರು ಅಂದುಕೊಂಡಿದ್ದಳು. ಅವರು ಮನಶ್ಶಾಸ್ತ್ರದವರು ಅಂತ ನನಗೂ ಗೊತ್ತಿರಲಿಲ್ಲ! ನಮ್ಮಲ್ಲಿ ಎಲ್ಲರೂ ಎಚ್-ಇಂಡೆಕ್ಸ್ (ಒಬ್ಬರ ಲೇಖನಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನೋದರ ಅಂಕ) ನೋಡಿ ಯಾರು ದೊಡ್ಡವರು ಅಂತ ಹೇಳುತ್ತಾರೆ. ಇಂಥವರ ಪ್ರಭಾವವನ್ನು ಯಾವ ಲೆಕ್ಕಕ್ಕೆ ಹಿಡಿಯೋದು?"

ನಿಮ್ಮ ಪತ್ರ ಓದಿ ನಗು ಬಂತು, ಸ್ವಲ್ಪ ಬೇಜಾರೂ ಆಯಿತು. ಬಿ. ಕುಪ್ಪುಸ್ವಾಮಿ ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲೇ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಸಾಮಾಜಿಕ ಮನಶ್ಶಾಸ್ತ್ರಕ್ಕೆ ಪಠ್ಯಪುಸ್ತಕ ಬರೆದರು. ಭಾರತದ ಸಮಾಜ ಹೇಗೆ ಬದಲಾಗುತ್ತಿದೆ ಅಂತ ಬರೆದರು. ಆ ಪುಸ್ತಕಗಳನ್ನು ಈಗ ಕೇಳುವವರು ಕಡಿಮೆ. ಉಳಿದದ್ದು ಒಂದು ಅಳತೆಗೋಲು. (ಆ ವಿಭಾಗದ ಹಣೆಬರಹವೇ ಹಾಗೇನೋ. ಅಲ್ಲೇ ಪ್ರೊಫೆಸರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರನ್ನು ಜನ ನೆನೆಯೋದು 1935ರಲ್ಲಿ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ್ದಕ್ಕೆ.)

ಸ್ಕೇಲ್ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮನೆ ಯಜಮಾನರ ಓದಿಗೆ 1ರಿಂದ 7 ಅಂಕ, ಉದ್ಯೋಗಕ್ಕೆ 1ರಿಂದ 10, ತಿಂಗಳ ಆದಾಯಕ್ಕೆ 1ರಿಂದ 12. ಕೂಡಿದರೆ ಗರಿಷ್ಠ 29. ಅದರ ಮೇಲೆ ಐದು ವರ್ಗ. 1976ರ ಪಟ್ಟಿಯಲ್ಲಿ ತಿಂಗಳಿಗೆ 2,000 ರೂಪಾಯಿ ದಾಟಿದರೆ ಪೂರ್ತಿ 12 ಅಂಕ! ಆಗಿನ ಒಬ್ಬ ಪದವೀಧರ ಗುಮಾಸ್ತರನ್ನು ತಗೊಳ್ಳಿ. ಸಂಬಳ 350 ಅನ್ನೋಣ. ಓದಿಗೆ 6, ಕೆಲಸಕ್ಕೆ 5, ಆದಾಯಕ್ಕೆ 3. ಒಟ್ಟು 14, ಕೆಳ ಮಧ್ಯಮ ವರ್ಗ. ಅದೇ ಪಟ್ಟಿಯನ್ನು ಇವತ್ತಿನ 35,000 ಸಂಬಳದ ಗುಮಾಸ್ತರಿಗೆ ಹಚ್ಚಿದರೆ 23 ಬಂದು ಮೇಲ್ಮಧ್ಯಮ ವರ್ಗಕ್ಕೆ ಏರಿಬಿಡುತ್ತಾರೆ. ಮನೆ ಬಾಡಿಗೆ ಕೊಡುವಾಗ ಅವರಿಗೆ ಹಾಗೇನೂ ಅನ್ನಿಸುವುದಿಲ್ಲ, ಬಿಡಿ.

ಅದಕ್ಕೇ ಆಗಾಗ ಯಾರಾದರೂ ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕ ಹಿಡಿದು ಆದಾಯದ ಸಾಲನ್ನು ತಿದ್ದುತ್ತಾರೆ. ಗುಣಾಕಾರ ಮಾಡಿ ಒಂದೆರಡು ಪುಟದ ಲೇಖನ ಪ್ರಕಟಿಸುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ. ಸರ್ವೆ ಮಾಡಿದವರು ತಮ್ಮ ಪ್ರಬಂಧದ ಕೊನೆಯಲ್ಲಿ ಎಷ್ಟೋ ಸಲ ಹಾಕೋದು ಆ ತಿದ್ದುಪಡಿಯ ಲೇಖನವನ್ನು. ಹಾಗಾಗಿ ಸೈಟೇಶನ್, ಅಂದರೆ ಉಲ್ಲೇಖದ ಲೆಕ್ಕ, ಹೋಗೋದು ತಿದ್ದಿದವರ ಖಾತೆಗೆ. ಕುಪ್ಪುಸ್ವಾಮಿ ಸ್ಕೇಲಿನ ಹೆಸರಿನಲ್ಲಿ ಮಾತ್ರ ಉಳಿಯುತ್ತಾರೆ, ಊರ ಹೆಸರಿನಲ್ಲಿ ಉಳಿದ ಪಾಳೇಗಾರನ ಹಾಗೆ.

ಎಚ್-ಇಂಡೆಕ್ಸ್ ಇದನ್ನು ಹಿಡಿಯಲಾರದು. 2005ರಲ್ಲಿ ಜಾರ್ಜ್ ಹಿರ್ಷ್ ಅನ್ನುವ ಭೌತಶಾಸ್ತ್ರಜ್ಞರು ಕೊಟ್ಟ ಲೆಕ್ಕ ಅದು. ನಿಮ್ಮ 20 ಲೇಖನಗಳಿಗೆ ತಲಾ 20 ಸೈಟೇಶನ್ ಆದರೂ ಇದ್ದರೆ ನಿಮ್ಮ ಅಂಕ 20. ಒಂದೇ ಒಂದು ಕೈಪಿಡಿ ಬರೆದು, ಅದನ್ನು ಹತ್ತು ಸಾವಿರ ಜನ ಉಲ್ಲೇಖಿಸಿದರೂ ಅಂಕ 1. ಅಂಕ ಜಾಸ್ತಿ ಇದ್ದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. ಲಂಡನ್ನಿನ ಹಾನ್ಸ್ ಐಸೆಂಕ್ ಸೈಟೇಶನ್ ಲೆಕ್ಕದಲ್ಲಿ ಜಗತ್ತಿನ ಮುಂಚೂಣಿ ಮನಶ್ಶಾಸ್ತ್ರಜ್ಞರಾಗಿದ್ದರು. ತೀರಿಕೊಂಡದ್ದು 1997ರಲ್ಲಿ. 2019ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜೇ ಅವರ ಹೆಸರಿದ್ದ 26 ಲೇಖನಗಳು ನಂಬಲರ್ಹವಲ್ಲ ಅಂತ ಹೇಳಿತು.

ಆದರೆ ಒಂದು ಮಾತು. ತುಂಬಾ ಜನ ಬಳಸುತ್ತಾರೆ ಅಂದರೆ ಯೋಚಿಸಿ ಬಳಸುತ್ತಾರೆ ಅಂತಲ್ಲ. ಕುಪ್ಪುಸ್ವಾಮಿ ಇದನ್ನು ಮಾಡಿದ್ದು ನಗರದ ಮನೆಗಳಿಗೆ. ಹಳ್ಳಿಗೆ ಉದಯ್ ಪಾರೀಕ್ ಮತ್ತು ತ್ರಿವೇದಿ ಅವರ ಬೇರೆ ಸ್ಕೇಲ್ ಇದೆ. ಇನ್ನು ಯಜಮಾನರ ವಿಷಯ. ರೇಷನ್ ಕಾರ್ಡಿನಲ್ಲಿ ಅಜ್ಜ ಯಜಮಾನರು, ಮನೆ ನಡೆಸೋದು ಸಾಫ್ಟ್‌ವೇರ್ ಕೆಲಸದ ಸೊಸೆ ಅಂದರೆ ಯಾರ ಓದಿಗೆ ಅಂಕ ಕೊಡೋದು? ಸೂಚ್ಯಂಕದಿಂದ ರೂಪಾಯಿ ತಿದ್ದಬಹುದು, ಇದನ್ನು ತಿದ್ದೋಕೆ ಆಗಲ್ಲ. ಸಮಾಜ ಬದಲಾಗುವುದನ್ನೇ ಓದಿಕೊಂಡಿದ್ದ ಮನುಷ್ಯ ಇದನ್ನು ಕೇಳಿದ್ದರೆ ಸುಮ್ನೆ ಇರುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ನಿಮ್ಮ ತಂಗಿಗೆ ಹೇಳಿ, ಪ್ರಬಂಧದಲ್ಲಿ ತಿದ್ದುಪಡಿ ಲೇಖನದ ಜೊತೆ ಕುಪ್ಪುಸ್ವಾಮಿ ಅವರ ಮೂಲ ಕೈಪಿಡಿಯನ್ನೂ ಹೆಸರಿಸಲಿ. ಹಾಗೇ "ತಿಂಗಳಿಗೆ ಎಷ್ಟು ಬರುತ್ತೆ?" ಅಂದಾಗ ಬಾಗಿಲಲ್ಲಿ ನಿಂತವರು ಏನಂದರು ಅಂತ ಬರೆದು ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಇಟ್ಟಿರುತ್ತೇನೆ.

— ಸಂಪಾದಕ