ಲ್ಯಾಪ್‌ಟಾಪ್ ಹೊರಲು ಹಳೆಯ ಕಿಮೋನೊ ರೇಷ್ಮೆಯಲ್ಲಿ ಅಜುಮಾ-ಬುಕುರೊ (ಒಂದೇ ಪಟ್ಟಿ ಬಟ್ಟೆಯನ್ನು ಮಡಚಿ ಹೊಲಿದು, ಕಿವಿಗಳಂಥ ಎರಡು ತುದಿಗಳನ್ನು ಗಂಟು ಹಾಕಿ ಹಿಡಿಯುವ ಜಪಾನಿ ಚೀಲ) ಹೊಲಿಯಲು ಯಾವ ಹೊಲಿಗೆ ಯಂತ್ರ ಕೊಳ್ಳಲಿ?

ಯಂತ್ರದ ಮಾತು ಆಮೇಲೆ. 'ಹಳೆಯ ಕಿಮೋನೊ ರೇಷ್ಮೆ' ಎಂದು ಓದಿದೊಡನೆ ನನ್ನ ಮೂಗಿಗೆ ಮಿಡಿ ಉಪ್ಪಿನಕಾಯಿಯ ವಾಸನೆ ಬಡಿಯಿತು. ಅಮ್ಮ ಸಾಗರದಿಂದ ಕಳುಹಿಸಿದ್ದ ಒಂದು ಭರಣಿ ಮಿಡಿ, ಟೋಕಿಯೊದ ರೈಲು ನಿಲ್ದಾಣವೊಂದರ ಮೆಟ್ಟಿಲ ಮೇಲೆ ನನ್ನ ಅಜುಮಾ-ಬುಕುರೊದಿಂದ ಜಾರಿ ಚೂರುಚೂರಾದದ್ದು ಇಂಥದ್ದೇ ರೇಷ್ಮೆಯ ದೆಸೆಯಿಂದ.

ಆಗ ನಾವು ನಿಶಿ-ಕಸಾಯ್‌ನಲ್ಲಿದ್ದೆವು. ಭಾರತದವರು ಬಹಳ ಇರುವ ಬಡಾವಣೆ ಅದು. 2020ರ ಜುಲೈ 1ರಿಂದ ಜಪಾನಿನ ಅಂಗಡಿಗಳು ಪ್ಲಾಸ್ಟಿಕ್ ಚೀಲಕ್ಕೆ ಹಣ ಪಡೆಯಲೇಬೇಕೆಂಬ ನಿಯಮ ಬಂತು. ಮೂರೋ ಐದೋ ಯೆನ್ ಅಷ್ಟೇ, ಆದರೂ ಕೊಡಲು ಯಾರಿಗೂ ಮನಸ್ಸಿಲ್ಲ. ಕೆಳಮಹಡಿಯಲ್ಲಿದ್ದ ಅಜ್ಜಿ ಮಾತ್ರ ಎಂದಿನಂತೆ ಎರಡು ಕಿವಿಗಳಿದ್ದ ಹತ್ತಿ ಚೀಲವೊಂದನ್ನು ಗಂಟು ಹಾಕಿ ಮುಂಗೈಗೆ ತೂಗಿಸಿಕೊಂಡು ತರಕಾರಿ ತರುತ್ತಿದ್ದರು. ಕಿಮೋನೊ ಹೊಲಿದೇ ಬದುಕು ನಡೆಸಿದವರು. ಕೇಳಿದಾಗ ಬಾಗಿಲಲ್ಲೇ ನಿಂತು ತೋರಿಸಿಕೊಟ್ಟರು: ಅಗಲದ ಮೂರರಷ್ಟು ಉದ್ದದ ಒಂದು ಪಟ್ಟಿ, ಎರಡು ಹೊಲಿಗೆ, ಮುಗಿಯಿತು. ಕತ್ತರಿಸಿ ಎಸೆಯುವ ಚೂರು ಒಂದೂ ಇಲ್ಲ.

ನನಗೆ ಹತ್ತಿ ಹಿಡಿಸಲಿಲ್ಲ. ಚಂದ ಕಾಣಬೇಕಿತ್ತು. ಕ್ಯೋಟೊದ ತೋಜಿ ದೇವಾಲಯದ ಆವರಣದಲ್ಲಿ ಪ್ರತಿ ತಿಂಗಳ 21ರಂದು ಸಂತೆ ನಡೆಯುತ್ತದೆ. ಅಲ್ಲಿ ಹಳೆಯ ಕಿಮೋನೊಗಳನ್ನು ರಾಶಿ ಹಾಕಿ ಮಾರುತ್ತಾರೆ. ಕಪ್ಪು ರೇಷ್ಮೆಯದೊಂದನ್ನು ತೀರಾ ಅಗ್ಗಕ್ಕೆ ತಂದು ತೋಳು ಬಿಚ್ಚಿದೆ. ಕಿಮೋನೊದ ಒಂದು ತೋಳು ಬಿಚ್ಚಿ ಹರಡಿದರೆ ಸುಮಾರು 35 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ನೇರ ಪಟ್ಟಿ ಸಿಗುತ್ತದೆ. ಒಂದಕ್ಕೆ ಮೂರು, ತನ್ನಷ್ಟಕ್ಕೇ. ನೀವು ಹಾಕಿರುವ ಲೆಕ್ಕವೂ ಇದೇ ಇರಬೇಕು. ಆಗಷ್ಟೇ ಕೊಂಡಿದ್ದ ಹೊಲಿಗೆ ಯಂತ್ರದಲ್ಲಿ, ಗಟ್ಟಿಯಿರಲೆಂದು ಪಾಲಿಯೆಸ್ಟರ್ ದಾರ ಹಾಕಿ, ಇನ್ನೂ ಗಟ್ಟಿಯಿರಲೆಂದು ಅತಿ ಸಣ್ಣ ಹೊಲಿಗೆಗೆ ತಿರುಗಿಸಿ, ಒಂದೇ ಗೆರೆಯ ಮೇಲೆ ಎರಡು ಸಲ ಓಡಿಸಿದೆ.

ಯುಗಾದಿಯ ದಿನ ಗೆಳತಿಯ ಮನೆಗೆ ಹೊರಟಿದ್ದೆವು. ಚೀಲದಲ್ಲಿ ಭರಣಿ, ಅದರ ಪಕ್ಕದಲ್ಲಿ ಒಂದು ಡಬ್ಬಿ ಪುಳಿಯೋಗರೆ. ಮೆಟ್ಟಿಲು ಇಳಿಯುವಾಗ ಪರ್ ಎಂದು ಸದ್ದಾಯಿತು. ಉಳಿದದ್ದನ್ನು ವಿವರಿಸುವುದಿಲ್ಲ. ಜಪಾನಿನ ನಿಲ್ದಾಣದ ಮೆಟ್ಟಿಲ ಮೇಲೆ ಎಣ್ಣೆ, ಖಾರ, ಗಾಜು ಚೆಲ್ಲಿ ನಿಂತವರಿಗೆ ಎಷ್ಟು ಸಲ ತಲೆ ಬಾಗಿಸಿ ಕ್ಷಮೆ ಕೇಳಿದರೂ ಸಾಲದು ಎನಿಸುತ್ತದೆ.

ಮನೆಗೆ ಬಂದು ನೋಡಿದರೆ ನನ್ನ ಹೊಲಿಗೆಯಲ್ಲಿ ಒಂದು ಎಳೆಯೂ ಕಿತ್ತಿರಲಿಲ್ಲ. ಇದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಎಲ್ಲರೂ 'ಹೊಲಿಗೆ ಬಿಟ್ಟಿತು' ಎಂದೇ ತಿಳಿದರು. ದಾರ ಇದ್ದ ಹಾಗೇ ಇತ್ತು. ಹರಿದದ್ದು ಅದರ ಪಕ್ಕದ ಬಟ್ಟೆ, ಸೂಜಿ ಚುಚ್ಚಿದ ಗೆರೆಯುದ್ದಕ್ಕೂ. ಸಣ್ಣ ಹೊಲಿಗೆ ಎಂದರೆ ಹೆಚ್ಚು ತೂತು. ಎರಡು ಸಲ ಓಡಿಸಿದ್ದರಿಂದ ತೂತುಗಳು ಇಮ್ಮಡಿಯಾದವು. ಅಂಚೆಚೀಟಿಯ ಹಾಳೆಯಲ್ಲಿ ತೂತು ಕೊರೆದಿರುವಂತೆ, ಎಲ್ಲಿ ಹರಿಯಬೇಕೆಂದು ಬಟ್ಟೆಗೆ ನಾನೇ ಗೆರೆ ಹಾಕಿಕೊಟ್ಟಿದ್ದೆ. ಮೇಲಾಗಿ ಪಾಲಿಯೆಸ್ಟರ್ ದಾರ ಆ ಮುದಿ ರೇಷ್ಮೆಗಿಂತ ಎಷ್ಟೋ ಪಟ್ಟು ಬಲವಾದದ್ದು. ಭಾರ ಬಿದ್ದಾಗ ಎರಡರಲ್ಲಿ ಸೋಲುವುದು ದುರ್ಬಲವಾದದ್ದೇ, ಅಂದರೆ ಬಟ್ಟೆ.

ಅಜ್ಜಿ ಹರಿದ ಚೀಲವನ್ನು ತಿರುಗಿಸಿ ನೋಡಿ, ಕಿಮೋನೊವನ್ನು ಕೈಯಿಂದ ಸಾದಾ ಓಟದ ಹೊಲಿಗೆಯಲ್ಲಿ ಏಕೆ ಹೊಲಿಯುತ್ತಾರೆ ಎಂದು ಹೇಳಿದರು. ಎಳೆದಾಗ ಮೊದಲು ದಾರ ಕಿತ್ತು ಬರಲಿ, ಬಟ್ಟೆ ಉಳಿಯಲಿ ಎಂದು. ದಾರ ಕಿತ್ತರೆ ಮತ್ತೆ ಹೊಲಿಯಬಹುದು. ಹಿಂದೆ ಕಿಮೋನೊವನ್ನು ಪೂರ್ತಿ ಬಿಚ್ಚಿ, ಪಟ್ಟಿಗಳನ್ನಾಗಿಯೇ ಒಗೆದು, ಬಿಗಿದು ಒಣಗಿಸಿ, ಮರಳಿ ಹೊಲಿಯುತ್ತಿದ್ದರು. ಬಿಚ್ಚಲು ಬಾರದ ಹೊಲಿಗೆ ಅವರಿಗೆ ಒಳ್ಳೆಯ ಹೊಲಿಗೆಯೇ ಅಲ್ಲ.

ಬಣ್ಣವೂ ಕೈಕೊಟ್ಟಿತ್ತು. ಹಳೆಯ ಕಪ್ಪು ಬಣ್ಣಗಳಲ್ಲಿ ಎಷ್ಟೋ ಸಲ ಕಬ್ಬಿಣದ ಅಂಶವಿರುತ್ತದೆ, ಅದು ಕಾಲಕ್ರಮದಲ್ಲಿ ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ಮೇಲೆ ಹೊಳಪು, ಒಳಗೆ ಪೊಳ್ಳು. ಅಜ್ಜಿಯರ ಪೆಟ್ಟಿಗೆಯಲ್ಲಿ ಮಡಿಕೆ ಬದಲಿಸದೆ ಇಟ್ಟ ರೇಷ್ಮೆ ಸೀರೆ ಮಡಿಕೆಯ ಗೆರೆಯಲ್ಲೇ ಸೀಳುವುದನ್ನು ನೀವೂ ಕಂಡಿರುತ್ತೀರಿ.

ಇನ್ನೊಂದು ಸಂಗತಿಯನ್ನು ಈ ಚೀಲ ಹೊಲಿಯಲು ಕಲಿಸುವವರು ಹೇಳುವುದೇ ಇಲ್ಲ. ಮಾಮೂಲಿ ಕೈಚೀಲದಲ್ಲಿ ಭಾರ ಬಟ್ಟೆಯ ಹಾಸು ಎಳೆಗಳ ಮೇಲೆ ನೇರವಾಗಿ ಬೀಳುತ್ತದೆ. ಇಲ್ಲಿ ಹಿಡಿಯುವುದು ಮೂಲೆಗಳನ್ನು, ಆದ್ದರಿಂದ ಎಳೆತವೆಲ್ಲ ಓರೆಯಾಗಿ ಬೀಳುತ್ತದೆ. ಸಡಿಲ ನೇಯ್ಗೆಯ ಬಟ್ಟೆ ಓರೆಗೆ ಹಿಗ್ಗಿ ಚೀಲ ಮೊಣಕಾಲಿಗೆ ಇಳಿಯುತ್ತದೆ. ನಿಂತ ಹೂವಿನ ಚಿತ್ತಾರವಿದ್ದರೆ ಅದೂ ಓರೆಗೆ ವಾಲುತ್ತದೆ. ಸಣ್ಣ ಚೌಕುಳಿ ಅಥವಾ ಸಾದಾ ಬಣ್ಣವೇ ಲೇಸು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಯಂತ್ರವೂ ಬೇಡ, ರೇಷ್ಮೆಯೂ ಬೇಡ. ಒಂದು ಸೂಜಿ, ಹತ್ತಿ ದಾರ, ಖಾದಿ ಅಂಗಡಿಯ ಒತ್ತಾದ ನೇಯ್ಗೆಯ ದಪ್ಪ ಬಟ್ಟೆ ತನ್ನಿ. ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದೆಲ್ಲ ಆಗಲೇ ಕುಗ್ಗಲಿ, ಇಲ್ಲವಾದರೆ ಮೂರರ ಲೆಕ್ಕ ತಪ್ಪುತ್ತದೆ. ಒಂದು ಮೀಟರ್ ಅಗಲದ ಒಂದೂವರೆ ಮೀಟರ್ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿದರೆ ಎರಡು ಚೀಲ. ಸುತ್ತ ಅಂಚು ಮಡಚಿ ಹೊಲಿದ ಮೇಲೆ 48 ಸೆಂ.ಮೀ. ಅಗಲ, 144 ಸೆಂ.ಮೀ. ಉದ್ದ ಉಳಿಯಲಿ. ಊಟದ ಡಬ್ಬಿಗೆ ಮಾತ್ರವಾದರೆ 30ಕ್ಕೆ 90 ಸಾಕು.

ಪಟ್ಟಿಯನ್ನು ಅಡ್ಡಲಾಗಿ, ಹೊರಮೈ ಮೇಲೆ ಬರುವಂತೆ ಹಾಸಿ. ಅದರಲ್ಲಿ ಮೂರು ಚೌಕಗಳಿವೆ ಎಂದುಕೊಳ್ಳಿ. ಎಡ ಚೌಕವನ್ನು ನಡುವಿನದರ ಮೇಲೆ ಮಡಚಿ ಕೆಳಗಿನ ಅಂಚನ್ನಷ್ಟೇ ಹೊಲಿಯಿರಿ. ಬಲ ಚೌಕವನ್ನು ಅದರ ಮೇಲೆ ಮಡಚಿ. ಈಗ ಮೇಲಿನ ಅಂಚಿನಲ್ಲಿ ಮೂರು ಪದರ ಇರುತ್ತವೆ. ನಡುವೆ ಸಿಕ್ಕಿಕೊಂಡ ಎಡ ಚೌಕವನ್ನು ಹೊರಕ್ಕೆ ಸರಿಸಿ, ಬಲ ಚೌಕವನ್ನೂ ನಡು ಚೌಕವನ್ನೂ ಮಾತ್ರ ಸೇರಿಸಿ ಹೊಲಿಯಿರಿ. ಮೂರನ್ನೂ ಸೇರಿಸಿದರೆ ಒಂದು ಬದಿಯ ಬಾಯಿ ಮುಚ್ಚಿಹೋಗುತ್ತದೆ. ಒಳಹೊರಗು ಮಾಡಿದರೆ ಎರಡು ಕಿವಿಗಳು ತಾವಾಗಿಯೇ ಎದ್ದು ನಿಲ್ಲುತ್ತವೆ. ಕಿವಿಗಳ ನಡುವೆ ಕಣಿವೆಯಂತೆ ತಗ್ಗಿದ ಜಾಗದಲ್ಲಿ ಹೊಲಿಗೆ ಕೊನೆಯಾಗುತ್ತದೆ. ಭಾರವೆಲ್ಲ ಬೀಳುವುದು ಅಲ್ಲಿಯೇ, ನನ್ನದು ಹರಿಯಲು ತೊಡಗಿದ್ದೂ ಅಲ್ಲಿಂದಲೇ. ಅಲ್ಲಿ ಮಾತ್ರ ಸೂಜಿಯನ್ನು ಹಿಂದೆ ಮುಂದೆ ತಂದು ಬಲಪಡಿಸಿ.

ಒಳಪದರ ಹಾಕಬೇಡಿ. ಎರಡು ಬಟ್ಟೆ ಒಂದೇ ಹದದಲ್ಲಿ ಹಿಗ್ಗುವುದಿಲ್ಲ, ಭಾರವೆಲ್ಲ ಒಂದರ ಮೇಲೆಯೇ ಬೀಳುತ್ತದೆ. ಚರ್ಮದ ಹಿಡಿಕೆಯೂ ಬೇಡ. ಅದನ್ನು ಹಾಕಿದರೆ ಮಡಚಿ ಜೇಬಿಗಿಡುವ ಸುಖ ಹೋಯಿತು, ಮಾಮೂಲಿ ಚೀಲವನ್ನೇ ಕೊಳ್ಳಬಹುದಿತ್ತು.

ಇನ್ನು ಕಟ್ಟುವುದು. ಮೊದಲ ಸುತ್ತಿನಲ್ಲಿ ಮೇಲೆ ಬಂದ ತುದಿಯೇ ಎರಡನೆಯ ಸುತ್ತಿನಲ್ಲೂ ಮೇಲೆ ಬರಬೇಕು. ಗಂಟಿನ ತುದಿಗಳು ಅಡ್ಡಲಾಗಿ ಮಲಗಿದರೆ ಸರಿ, ಮೇಲೆ ಕೆಳಗೆ ನಿಂತರೆ ಬಿಚ್ಚಿ ಮತ್ತೆ ಕಟ್ಟಿ, ಏಕೆಂದರೆ ಅದು ಜಾರುವ ಗಂಟು. ಸರಿಯಾದ ಗಂಟು ಎಷ್ಟೇ ಬಿಗಿದಿದ್ದರೂ ಒಂದು ತುದಿಯನ್ನು ಅದರದೇ ಬದಿಯ ಬಟ್ಟೆಯ ನೇರಕ್ಕೆ ಎಳೆದರೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಭುಜಕ್ಕೆ ಹಾಕುವುದಾದರೆ ಗಂಟನ್ನು ಮೂಳೆಯ ಮೇಲಿಂದ ಎದೆಯ ಕಡೆಗೆ ಸ್ವಲ್ಪ ಇಳಿಸಿ. ಕಿಮೋನೊ ಉಟ್ಟಾಗ ಮಾತ್ರ ಭುಜಕ್ಕೆ ಬೇಡ, ಕೊರಳಪಟ್ಟಿ ಎಳೆದು ಉಡುಗೆ ಕೆಡುತ್ತದೆ. ಮುಂಗೈಗೆ ತೂಗಿಸಿಕೊಳ್ಳಿ.

ಲ್ಯಾಪ್‌ಟಾಪ್ ಹೊರಲು ಎಂದು ಬರೆದಿದ್ದೀರಿ. ಈ ಚೀಲಕ್ಕೆ ಚಪ್ಪಟೆ ತಳವಿಲ್ಲ. ಒಳಗಿಟ್ಟದ್ದೆಲ್ಲ ನಡುವಿಗೆ ಜಾರುತ್ತದೆ, ಕೆಳಗಿಟ್ಟಾಗ ಮೊದಲು ನೆಲ ಮುಟ್ಟುವುದು ಲ್ಯಾಪ್‌ಟಾಪಿನ ಮೂಲೆಯೇ. ಅದಕ್ಕೆ ಬೆನ್ನುಚೀಲ ಬಳಸಿ, ಇದರಲ್ಲಿ ಈರುಳ್ಳಿ ತನ್ನಿ. ರೇಷ್ಮೆಯ ಪಟ್ಟಿಯನ್ನು ಈಗಾಗಲೇ ಕೊಂಡಿದ್ದರೆ ಬೆಳಕಿಗೆ ಹಿಡಿದು ನೋಡಿ, ಮಡಿಕೆಯ ಗೆರೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ಚಿಟ್ ಎಂಬ ಸದ್ದು ಬಂದರೆ ದಿಂಬಿನ ಗವಸಿಗೂ ಅದು ಬೇಡ.