ಸುಲಭವಾದದ್ದೆಲ್ಲ ಇಷ್ಟವಾಗುತ್ತದೆಯೇ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಗಣಕ ತಜ್ಞ ಕೆ.ಪಿ. ರಾವ್ ಅವರ ಕನ್ನಡ ವಿನ್ಯಾಸದ ಕೀಲಿಮಣೆ ಬಳಸುವವರು ಉಳಿದವರಿಗಿಂತ ಬೇಗ ಟೈಪ್ ಮಾಡುತ್ತಾರೆ. ಆದರೂ ಹೆಚ್ಚಿನವರಿಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವುದೇ ಇಷ್ಟ. ಬಳಕೆಗೆ ಸುಲಭವಾದದ್ದನ್ನೇ ಜನ ಮೆಚ್ಚಬೇಕಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಬಹುಮಟ್ಟಿಗೆ ಮೆಚ್ಚುತ್ತಾರೆ. ಜೇಕಬ್ ನೀಲ್ಸನ್ ಮತ್ತು ಜೊನಾಥನ್ ಲೆವಿ 1994ರಲ್ಲಿ, ಆವರೆಗೆ ಪ್ರಕಟವಾಗಿದ್ದ ಹಲವು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕೆಲಸ ಚೆನ್ನಾಗಿ ಸಾಗುವ ವಿನ್ಯಾಸವನ್ನೇ ಜನ ಸಾಮಾನ್ಯವಾಗಿ ಇಷ್ಟಪಡುತ್ತಾರೆಂದು ಕಂಡುಬಂದಿತು. ಆದರೆ ಕೆಲವು ಕಡೆ, ಕೆಲಸದಲ್ಲಿ ಹಿಂದೆ ಬಿದ್ದ ವಿನ್ಯಾಸಕ್ಕೇ ಮೆಚ್ಚುಗೆ ಸಂದಿತ್ತು. ಮರುವರ್ಷ ಜಪಾನಿನ ಮಸಾಕಿ ಕುರೊಸು ಮತ್ತು ಕಾವೊರಿ ಕಾಶಿಮುರಾ ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನರಿಗೆ ತೋರಿಸಿ ಅಂಕ ಕೊಡಿಸಿದರು. ‘ಇದು ಸುಲಭ’ ಎಂಬ ಅನಿಸಿಕೆ ಪರದೆಯ ಅಂದಕ್ಕೆ ಹೊಂದಿಕೊಂಡಷ್ಟು ಗುಂಡಿಗಳ ಜೋಡಣೆಯ ನಿಜವಾದ ಅನುಕೂಲಕ್ಕೆ ಹೊಂದಿಕೊಳ್ಳಲಿಲ್ಲ. ಅಂಕ ಕೊಟ್ಟವರು ಪರದೆಯನ್ನು ನೋಡಿದ್ದರೇ ಹೊರತು ಬಳಸಿರಲಿಲ್ಲ ಎಂಬುದನ್ನು ಗಮನಿಸಬೇಕು.

ಕೀಲಿಮಣೆಯ ವಿಷಯದಲ್ಲಿ ಅಂದದ ಬದಲು ಪರಿಚಯ ಕೆಲಸ ಮಾಡುತ್ತದೆ. ‘ಕನ್ನಡ’ ಎಂದು ಬರೆಯಲು ರಾವ್ ಅವರ ವಿನ್ಯಾಸದಲ್ಲಿ, ವ್ಯಂಜನದೊಳಗೇ ಅಕಾರ ಇರುವುದರಿಂದ, ಒತ್ತಕ್ಷರಕ್ಕೆ ಬೇಕಾದ ವಿರಾಮದ (ಅಕಾರ ತೆಗೆಯುವ) ಕೀಲಿಯೂ ಸೇರಿ 5 ಸಲ ಒತ್ತಿದರೆ ಸಾಕು. ಇಂಗ್ಲಿಷ್ ಅಕ್ಷರಗಳಲ್ಲಾದರೆ 7 ಸಲ ಒತ್ತಬೇಕು. ಪುಟಗಟ್ಟಲೆ ಬರೆಯುವವರಿಗೆ ಈ ಅಂತರ ದೊಡ್ಡದು. ಆದರೆ ಇಂಗ್ಲಿಷ್ ಕೀಲಿಗಳ ಜಾಗ ಬೆರಳಿಗೆ ಮೊದಲೇ ಗೊತ್ತಿರುತ್ತದೆ, ಮೊದಲ ದಿನವೇ ಪತ್ರ ಸಿದ್ಧವಾಗುತ್ತದೆ. ಹೊಸ ವಿನ್ಯಾಸದ ಕಷ್ಟವೆಲ್ಲ ಆರಂಭದಲ್ಲೇ ಎದುರಾಗಿ, ಅದರ ಲಾಭ ಮಾತ್ರ ಅಭ್ಯಾಸವಾದ ಮೇಲೆ ಸ್ವಲ್ಪಸ್ವಲ್ಪವಾಗಿ ಸಿಗುವುದರಿಂದ, ಆರಂಭದಲ್ಲೇ ಅಭಿಪ್ರಾಯ ಕೇಳಿದರೆ ಹಳೆಯದೇ ಗೆಲ್ಲುತ್ತದೆ.

ತಿಂಗಳಿಗೆ ಒಂದೆರಡು ಪತ್ರ ಬರೆಯುವವರ ಆಯ್ಕೆ ತಪ್ಪೆಂದು ನಾನು ಹೇಳಲಾರೆ. ಕಲಿಯಲು ವ್ಯಯಿಸಿದ ಹೊತ್ತು ಅವರಿಗೆ ಮರಳಿ ಬರುವುದೇ ಇಲ್ಲ. ದಿನವಿಡೀ ಟೈಪ್ ಮಾಡುವವರಿಗಾಗಿ ವಿನ್ಯಾಸ ಆರಿಸುವಾಗ ಮಾತ್ರ, ಒಂದು ಪ್ರಾತ್ಯಕ್ಷಿಕೆ ತೋರಿಸಿ ಕೈ ಎತ್ತಿಸುವ ಕ್ರಮ ಅವರಿಗೇ ಅನ್ಯಾಯ ಮಾಡುತ್ತದೆ. ಕೆಲವು ವಾರ ಅಭ್ಯಾಸಕ್ಕೆ ಬಿಟ್ಟು, ಒಂದೇ ಪುಟವನ್ನು ಎರಡೂ ವಿಧಾನದಲ್ಲಿ ಟೈಪ್ ಮಾಡಿಸಿ, ಹಿಡಿದ ಸಮಯವನ್ನೂ ಆದ ತಪ್ಪುಗಳನ್ನೂ ಬರೆದಿಟ್ಟುಕೊಂಡು, ಆಮೇಲೆ ಇಷ್ಟವನ್ನು ಕೇಳಿ. ಆಗಲೂ ಯಾರಿಗಾದರೂ ಹಳೆಯ ವಿಧಾನವೇ ಬೇಕೆನಿಸಿದರೆ ಅದನ್ನು ಅವರ ಗಣಕದಲ್ಲಿ ಉಳಿಸಿಕೊಡಿ. ಎರಡೂ ವಿಧಾನಗಳಲ್ಲಿ ಮೂಡುವುದು ಅದೇ ಯುನಿಕೋಡ್ (ಎಲ್ಲ ಗಣಕಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಪಠ್ಯವಾದರೆ ಕಡತಗಳಿಗೆ ತೊಂದರೆಯಿಲ್ಲ.